ಮನಿಮಾತು ಎಂಬ ಗುಂಡಿ

ಕಂಡಕ್ಟರ್ ಚನ್ನಮಲ್ಲಪ್ಪ ಹೆಂಡತಿ ಮಾಡಿದ ನುಚ್ಚನ್ನು ಹೊಗಳಿದ ದಿನ ಓಣಿಗೆಲ್ಲ ಸಕ್ಕರೆ ಹಂಚಬೇಕಿತ್ತು. ಮಗಳು ಮಹಾನಂದಾಳಿಗೆ ಮಾತ್ರ ಆ ಹೊಗಳಿಕೆ ಯಾಕೋ ಸರಿಬರಲಿಲ್ಲ.

“ಭಾಳ ಛಲೋ ಆಗೇತಿ ಕಾಶೀ. ನಿನ್ನ ಕೈ ರುಚಿ ಯಾರಿಗೂ ಬರೂದಿಲ್ಲ,” ಎಂದಿತು ಮಂಚದ ಪಕ್ಕದ ಪೆಟ್ಟಿಗೆ.

ದನಿ ಚನ್ನಮಲ್ಲಪ್ಪನದೇ. ಭಾಷೆಯೂ ಅವನದೇ, ಹಳೇ ಹುಬ್ಬಳ್ಳಿಯದು. ಆದರೆ ಮದುವೆಯಾದಾಗಿನಿಂದ ಈ ಗಂಡಸು ಕಾಶವ್ವನ ಅಡುಗೆಗೆ ಕೊಟ್ಟ ಬಿರುದುಗಳು ಎರಡೇ: ಒಂದೋ ಉಪ್ಪು ಕಡಿಮೆ, ಇಲ್ಲವೋ ಉಪ್ಪು ಜಾಸ್ತಿ. ಈಗ ನೋಡಿದರೆ ಕೈರುಚಿಯಂತೆ! ಕಾಶವ್ವ ಚಮಚ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕೇಳಿದೇನವಾ? ನಿಮ್ಮಪ್ಪ ಏನಂದ್ರು ಕೇಳಿದೇನು?”

“ಕೇಳಿದೆ ಬೇ,” ಎಂದ ಮಹಾನಂದಾ ಬಟ್ಟಲಿನಿಂದ ಒಂದು ಚೂರು ನುಚ್ಚು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. “ಯವ್ವಾ, ಇದಕ್ಕ ಉಪ್ಪಽ ಹಾಕಿಲ್ಲಲ್ಲ ನೀ!”

“ಅಯ್ಯ, ಹೌದೇನು? ಮರತೆ ನೋಡು.” ಕಾಶವ್ವ ನಾಲಿಗೆ ಕಚ್ಚಿಕೊಂಡಳು. ಮರುಕ್ಷಣವೇ ಮುಖ ಇನ್ನಷ್ಟು ಅರಳಿತು. “ಪಾಪ, ನನಗ ಬ್ಯಾಸರ ಆಗಬಾರದಂತ ಹಂಗಂದಾರ. ಜಡ್ಡು ಬಂದ ಮ್ಯಾಲೆ ಮನಸ್ಸು ಎಷ್ಟ್ ಮೆತ್ತಗಾಗೇತಿ ಅವರದು.”

ಅಷ್ಟರಲ್ಲಿ ಮಂಚದ ಕಬ್ಬಿಣದ ಸರಳಿನ ಮೇಲೆ ‘ಟಕ್’ ಎಂದು ಒಂದು ಸದ್ದು. ಚನ್ನಮಲ್ಲಪ್ಪನ ಎಡಗೈ ಬೆರಳಿನ ಬೆಳ್ಳಿಯ ಉಂಗುರ ಸರಳಿಗೆ ಬಡಿದಿತ್ತು.

“ಇಲ್ಲೇ ಅದೀನ್ರೀ, ಏನ್ ಬೇಕಾಗಿತ್ತು?” ಎಂದು ಕಾಶವ್ವ ಬಾಗಿದಳು.

“ಏನಿಲ್ಲಽ. ಹಂಗಽ ಕರದೆ. ನೀ ಎದುರಿಗೆ ಇದ್ರ ನನಗ ಛಲೋ ಅನಸ್ತೈತಿ,” ಎಂದಿತು ಪೆಟ್ಟಿಗೆ. ಕಾಶವ್ವನ ಕಣ್ಣು ಮತ್ತೆ ತುಂಬಿದವು. ಚನ್ನಮಲ್ಲಪ್ಪ ಮಾತ್ರ ಹೆಂಡತಿಯನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಮಗಳ ಮೇಲೆ ನೆಟ್ಟಿತ್ತು.

*

ಆ ದನಿಯ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಚನ್ನಮಲ್ಲಪ್ಪನ ದನಿಯೆಂದರೆ ಸಾಮಾನ್ಯದ್ದೇ? ಹಳೇ ಬಸ್ ನಿಲ್ದಾಣದಲ್ಲಿ ಅವನು “ಅಣ್ಣಿಗೇರಿ, ಗದಗ, ಗದಗ, ಗದಗ!” ಎಂದು ಕೂಗಿದರೆ ಬೇರೆ ಊರಿನ ಬಸ್ಸಿನಲ್ಲಿ ಕೂತವರೂ ಗಾಬರಿಯಾಗಿ ಇಳಿದು ಬರುತ್ತಿದ್ದರಂತೆ. ಕಂಡಕ್ಟರುಗಳೇ ಇಲ್ಲದ, ತಾನಾಗಿ ನಿಂತು ತಾನಾಗಿ ಹೊರಡುವ ಬಸ್ಸುಗಳು ಬಂದ ಮೇಲೆ ಅವನು ಮನೆಗೆ ಬಂದ. ಆ ಬಸ್ಸುಗಳನ್ನು ಒಮ್ಮೆಯೂ ಹತ್ತಲಿಲ್ಲ. “ಹೇಳವ್ರಿಲ್ಲ, ಕೇಳವ್ರಿಲ್ಲ, ಅದೇನ್ ಬಸ್ಸೋ!” ಎಂದು ಬೈಯುತ್ತ ಊರೆಲ್ಲ ನಡೆದೇ ತಿರುಗಿದ.

ಆಮೇಲೆ ನರಗಳು ಬತ್ತುವ ಬೇನೆ ಅಂಟಿಕೊಂಡಿತು. ಮೊದಲು ಕಾಲು ಹೋದವು, ಆಮೇಲೆ ಕೈ, ಆಮೇಲೆ ಕುತ್ತಿಗೆ. ಕಡೆಗೆ ನಾಲಿಗೆ. ಉಳಿದದ್ದು ಎಡಗೈಯ ಎರಡು ಬೆರಳು, ಅದರಲ್ಲೊಂದಕ್ಕೆ ಉಂಗುರ. ಮಾತು ಸತ್ತ ಆ ದಿನಗಳಲ್ಲಿ ನೀರು ಬೇಕಾದರೂ ಟಕ್, ಮಗ್ಗುಲು ಬದಲಿಸಬೇಕಾದರೂ ಟಕ್, ಸೊಳ್ಳೆ ಕಚ್ಚಿದರೂ ಟಕ್. ಕಾಶವ್ವ ಎಲ್ಲಿದ್ದರೂ ಎದ್ದುಬಿದ್ದು ಓಡಿ ಬರುತ್ತಿದ್ದಳು. ಟಕ್ ಎಂದರೆ ಕರೆಯುತ್ತಿದ್ದಾನೆ ಎಂದು ಆ ಮನೆಯಲ್ಲಿ ಗೊತ್ತಾಗಿಹೋಯಿತು.

ಮಹಾನಂದಾ ಕೆಲಸಕ್ಕಿದ್ದದ್ದು ದನಿಮನೆ ಎಂಬ ಸಂಶೋಧನಾ ಕೇಂದ್ರದಲ್ಲಿ. ಅವರು ಕುತ್ತಿಗೆಗೆ ಅಂಟಿಸುವ ಒಂದು ಪಟ್ಟಿ ಮಾಡಿದ್ದರು. ನಾಲಿಗೆ ಹೊರಳದಿದ್ದರೂ ಮಾತಾಡಬೇಕೆಂದಾಗ ಗಂಟಲ ಸ್ನಾಯುಗಳು ಒಳಗೊಳಗೇ ಮಿಡಿಯುತ್ತವಲ್ಲ, ಆ ಮಿಡಿತವನ್ನು ಪಟ್ಟಿ ಹಿಡಿಯುತ್ತದೆ. ಮಂಚದ ಪಕ್ಕದ ಟ್ಯಾಬಿನಲ್ಲಿ ಬ್ರೌಸರ್ ತೆರೆದು ದನಿಮನೆಯ ಪುಟಕ್ಕೆ ಲಾಗಿನ್ ಆದರೆ, ಮಿಡಿತ ಆ ಪುಟದೊಳಗೆ ಪದವಾಗಿ, ಪದ ಪೆಟ್ಟಿಗೆಯಲ್ಲಿ ದನಿಯಾಗಿ ಹೊರಬರುತ್ತದೆ. ದನಿಯ ಮಾದರಿಗೆಂದು ಹುಡುಕಿದಾಗ ಒಂದು ಹಳೆಯ ಮದುವೆ ವಿಡಿಯೋ ಸಿಕ್ಕಿತು. ಅದರಲ್ಲಿ ಚನ್ನಮಲ್ಲಪ್ಪ ಅಡುಗೆಯವರನ್ನು ಬೈಯುತ್ತಿದ್ದ. ಸಾಕಾಯಿತು.

ಒಂದೇ ಕೊರತೆ. ಪುಟ ಕಲಿತಿದ್ದದ್ದು ಪುಸ್ತಕದ ಕನ್ನಡ. ತಿಂಗಳುಗಟ್ಟಲೆ ಮೌನವಾಗಿದ್ದ ಗಂಡ ಬಾಯಿಬಿಟ್ಟು, “ಕಾಶವ್ವ, ನೀನು ಊಟವನ್ನು ಮಾಡಿರುವೆಯಾ?” ಎಂದಾಗ ಕಾಶವ್ವ ಬೆಚ್ಚಿ ಹಿಂದೆ ಸರಿದಳು. “ಯಾರಬೇ ಇವರು? ವಾರ್ತಾ ಓದಾವ್ರು ನಮ್ಮ ಮನ್ಯಾಗ ಯಾಕ ಬಂದಾರ?” ಎಂದು ಅತ್ತೇಬಿಟ್ಟಳು.

ಆಗ ಸಿಕ್ಕಿದ್ದು ಪರದೆಯ ಮೇಲೆ ಒತ್ತುವ ಈ ಗುಂಡಿ. ರೋಗಿಗಳ ಮನೆಯವರೆಲ್ಲ ಸೇರಿ ಮಾಡಿಕೊಂಡಿದ್ದ ಆರೈಕೆ ಬಳಗವೆಂಬ ಗುಂಪಿನಲ್ಲಿ ಶ್ರೀಪಾದ ಹೆರಕಲ್ ಎಂಬಾತ ಅದನ್ನು ಹಾಕಿದ್ದ. ತನ್ನ ತಾಯಿಗಾಗಿ ಮಾಡಿದ್ದಂತೆ. ಹೆಸರು ‘ಮನಿಮಾತು’. ಕಂಪ್ಯೂಟರಿನವರು ಬುಕ್‌ಮಾರ್ಕ್‌ಲೆಟ್ ಅನ್ನುತ್ತಾರೆ. ಬ್ರೌಸರಿನ ಮೇಲಂಚಿನ ಬುಕ್‌ಮಾರ್ಕ್ ಸಾಲಿಗೆ ಎಳೆದು ಬಿಟ್ಟರಾಯಿತು. ಬೆಳಿಗ್ಗೆ ದನಿಮನೆಯ ಪುಟ ತೆರೆದ ಮೇಲೆ ಒಮ್ಮೆ ಒತ್ತಿದರೆ ಪುಸ್ತಕದ ಕನ್ನಡವೆಲ್ಲ ಮನೆಯ ಕನ್ನಡವಾಗಿ ಹೊರಬರುತ್ತದೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅನುಮತಿ ಕೇಳುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ. ಬರೀ ಒಂದು ಬುಕ್‌ಮಾರ್ಕ್ ತಾನೆ, ಅದರಿಂದ ಏನಾದೀತು? ಮಹಾನಂದಾ ಒತ್ತಿದ ಮೊದಲ ದಿನ ಅಪ್ಪ ಅಂದದ್ದು ಅವಳಿಗೆ ಇನ್ನೂ ಕಿವಿಯಲ್ಲಿದೆ: “ಏ ಕಾಶೀ, ಚಾ ಕೊಡ್ತೀಯೋ, ಇಲ್ಲಾ ಮುಂದಿನ ಸ್ಟಾಪಿಗೆ ಇಳೀಲೋ?” ತಾಯಿ ಮಗಳಿಬ್ಬರೂ ಬಿದ್ದು ಬಿದ್ದು ನಕ್ಕು, ಆಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತಿದ್ದರು.

ಆ ಚನ್ನಮಲ್ಲಪ್ಪ ಯಾವಾಗ ಬದಲಾದ? ಅದು ಯಾರಿಗೂ ಸರಿಯಾಗಿ ನೆನಪಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೈಗುಳ ನಿಂತಿತ್ತು. ಆಮೇಲೆ ತಕರಾರು ನಿಂತಿತು. ದಸರೆಗೆ ಬಂದ ನೆಂಟರೆಲ್ಲ, “ಮಲ್ಲಣ್ಣ ಎಂಥಾ ದೇವರಂಥಾ ಮನಶಾ ಆಗ್ಯಾನ,” ಎಂದು ಹೇಳಿ ಹೋದರು.

ಆ ದೇವರಂಥ ಮನುಷ್ಯನೇ ಡಾಕ್ಟರ್ ವಸುಂಧರಾ ತಾವರಗೇರಿ ಮನೆಗೆ ಬಂದಾಗ ಒಪ್ಪಿಗೆ ಕೊಟ್ಟದ್ದು. ಗಂಟಲ ಸ್ನಾಯುಗಳೂ ಬತ್ತುತ್ತಿವೆ, ಇನ್ನು ಕೆಲವು ತಿಂಗಳಲ್ಲಿ ಪಟ್ಟಿಗೆ ಹಿಡಿಯಲು ಮಿಡಿತವೇ ಇರುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ತಲೆಬುರುಡೆ ತೆರೆದು ಮಿದುಳಿನ ಮೇಲೆ ಸಣ್ಣ ತಂತಿಗಳ ಹಾಳೆಯೊಂದನ್ನು ಕೂಡಿಸಿದರೆ ಮಾತು ವರ್ಷಗಟ್ಟಲೆ ಉಳಿಯಬಹುದು. ಹೊಸ ಪ್ರಯೋಗ. ಮೇಜಿನ ಮೇಲಿಂದ ಏಳದೆಯೂ ಇರಬಹುದು. ಅವರು ಮುಚ್ಚಿಡಲಿಲ್ಲ. ಎಲ್ಲ ಹೇಳಿ, ರೆಕಾರ್ಡರ್ ಮುಂದಿಟ್ಟು, “ಚನ್ನಮಲ್ಲಪ್ಪನವರೇ, ನಿಮಗೆ ಒಪ್ಪಿಗೆ ಇದೆಯೇ?” ಎಂದು ಕೇಳಿದರು.

“ಆಗ್ಲಿರೀ ಡಾಕ್ಟರ್. ನೀವು ಹೇಳಿದಂಗಽ ಆಗ್ಲಿ,” ಎಂದಿತು ಪೆಟ್ಟಿಗೆ.

ಟಕ್.

“ಅದೇನು ಸದ್ದು?”

“ಅದು ಅವರ ಚಾಳಿ ರೀ,” ಎಂದು ಕಾಶವ್ವ ನಕ್ಕಳು.

ಅಪ್ಪನ ದನಿ ಹೋಗುವುದಿಲ್ಲ, ಉಳಿಯುತ್ತದೆ ಎಂಬುದೊಂದೇ ಮಹಾನಂದಾಳ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಅಪ್ಪ ಒಪ್ಪಲಿ ಎಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತವಳು ಅವಳೇ.

*

ಉಪ್ಪಿಲ್ಲದ ನುಚ್ಚು ತಿಂದ ಮರುದಿನ ದನಿಮನೆಯ ನಿಗಾ ಕೋಣೆಯಲ್ಲಿ ಕೂತಾಗಲೂ ಮಹಾನಂದಾಳ ಮನಸ್ಸು ಒಂದು ಕಡೆ ನಿಲ್ಲಲೊಲ್ಲದು. ಗೋಡೆಯ ತುಂಬ ಪರದೆಗಳು. ಒಂದೊಂದು ಗೆರೆ ಒಬ್ಬೊಬ್ಬ ರೋಗಿಯ ಗಂಟಲು. ಯಾರು ಏನು ಮಾತಾಡಿದರು ಎಂಬುದು ಇಲ್ಲಿಗೆ ಬರುವುದಿಲ್ಲ, ಅದು ಮನೆಯೊಳಗಿನ ವಿಷಯ, ಹೊರಗೆ ಬರಕೂಡದೆಂದು ನಿಯಮ. ಇಲ್ಲಿ ಕಾಣುವುದು ಪಟ್ಟಿ ಕೆಲಸ ಮಾಡುತ್ತಿದೆಯೇ, ಸ್ನಾಯುಗಳು ಎಷ್ಟು ದುಡಿಯುತ್ತಿವೆ ಎಂಬುದಷ್ಟೇ.

“ಅಕ್ಕಾ, ಮನ್ಯಾಗ ಅಪ್ಪಾರು ಯಾರ ಜೋಡಿ ಜಗಳಾ ತಗದಾರ?” ಎಂದಳು ಫಿರ್ದೋಸ್ ನದಾಫ್. ಕೇಂದ್ರದ ಕಂಪ್ಯೂಟರುಗಳ ಸುರಕ್ಷತೆ ನೋಡಿಕೊಳ್ಳುವ ಹುಡುಗಿ. ನಾಲಿಗೆ ಚೂಪು, ಮನಸ್ಸು ಸಾಫು.

“ಜಗಳಾ? ನಮ್ಮಪ್ಪ ಈಗ ಬೆಣ್ಣಿ ಆಗ್ಯಾನ ನೋಡು. ಯಾಕ?”

“ಇಲ್ಲಿ ನೋಡ್ರಿ.” ಫಿರ್ದೋಸ್ ಒಂದು ಗೆರೆಯನ್ನು ದೊಡ್ಡದು ಮಾಡಿದಳು. ಗೆರೆ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತಿತ್ತು. “ಇದು ಮಾತಾಡೂ ಗಂಟಲಲ್ಲ ಅಕ್ಕಾ, ಒದರಾಡೂ ಗಂಟಲು. ಎರಡು ತಿಂಗಳಿಂದ ಹಿಂಗಽ ಐತಿ. ಪಟ್ಟಿ ಕೆಟ್ಟಿರಬೇಕಂತ ಅನಕೊಂಡಿದ್ದೆ. ಕೆಟ್ಟಿಲ್ಲ.”

ಮಹಾನಂದಾ ಪರದೆಯ ಹತ್ತಿರ ಬಾಗಿ ಗೆರೆಯನ್ನು ನೋಡಿದಳು. ಏನೂ ಅಲ್ಲವೆಂಬಂತೆ ಮನಿಮಾತಿನ ಗುಂಡಿಯ ಸುದ್ದಿ ತೆಗೆದಳು. ಕೇಳಿದ್ದೇ ತಡ ಫಿರ್ದೋಸ್ ಕುರ್ಚಿಯಿಂದ ಅರ್ಧ ಎದ್ದಳು.

“ಬುಕ್‌ಮಾರ್ಕ್‌ಲೆಟ್ ಹಾಕೀರೇನು? ನೀವು? ಇಲ್ಲಿ ಕೆಲಸ ಮಾಡಾವ್ರು?”

“ಎಲ್ಲಾರೂ ಹಾಕ್ಯಾರವಾ. ಬರೇ ಬುಕ್‌ಮಾರ್ಕ್ ಅಲ್ಲೇನದು?”

“ಬುಕ್‌ಮಾರ್ಕ್ ಅಂದ್ರ ವಿಳಾಸ. ಇದು ವಿಳಾಸ ಅಲ್ಲ, ಅಪ್ಪಣಿ. ನೀವು ಲಾಗಿನ್ ಆಗಿ ಪುಟ ತಗದಿರತೀರಿ, ಅದರೊಳಗ ಇದನ್ನ ನಿಮ್ಮ ಕೈಲೇ ಕರದು ಕೂಡಸ್ತೀರಿ. ಪುಟಕ್ಕ ಇದು ಹೊರಗಿಂದು ಅಂತ ತಿಳಿಯೂದಿಲ್ಲ. ಮನ್ಯಾವ್ರಽ ಕರಕೊಂಡು ಬಂದಾರ, ಒಳಗಿನವ್ರಽ ಇರಬೇಕು ಅಂತ ಎಲ್ಲಾ ಕೋಣಿ ತೋರಸ್ತೈತಿ. ಪುಟಕ್ಕ ಇನ್ನೊಂದು ಬೀಗಾ ಹಾಕ್ರಿ ಅಂತ ನಾ ಎಷ್ಟ್ ಬಡಕೊಂಡೆ, ಹಳೇ ಟ್ಯಾಬ್ ನಡಿಯೂದಿಲ್ಲಂತ ಕೈ ಬಿಟ್ರು.”

ಆರೈಕೆ ಬಳಗದಿಂದ ಮಹಾನಂದಾಳ ಫೋನಿಗೂ ಬಂದಿದ್ದ ಆ ಗುಂಡಿಯನ್ನು ತೆರೆದು ನೋಡಿ ಫಿರ್ದೋಸ್ ಇನ್ನೂ ಕೆಂಪಾದಳು. ಒಳಗಿದ್ದದ್ದು ಒಂದೇ ಸಾಲು.

“ಇದರಾಗ ಕನ್ನಡಾ ಬದಲು ಮಾಡೂದು ಏನೂ ಇಲ್ಲ. ಫಲಾನಾ ಜಾಗಾಕ್ಕ ಹೋಗು, ಇವತ್ತು ಅಲ್ಲಿ ಏನಿರತೈತಿ ಅದನ್ನ ತಂದು ನಡಸು ಅಂತೈತಿ, ಅಷ್ಟಽ. ಮೊದಲನೇ ದಿನಾ ನೀವು ಒತ್ತಿದ್ದು ಬ್ಯಾರೆ, ಇವತ್ತು ಒತ್ತಿದ್ದು ಬ್ಯಾರೆ ಇರಬಹುದು. ಗುಂಡಿ ಮಾತ್ರ ಅದಽ ಕಾಣತೈತಿ. ಆ ಜಾಗಾ ಯಾರ ಕೈಯಾಗ ಐತಿ ಈಗ?”

ಹೆರಕಲ್‌ಗೆ ಫೋನ್ ಹಚ್ಚಿದರು. ಧಾರವಾಡದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಆತ ಪಾಪದವನು. “ನಮ್ಮವ್ವ ಹೋಗಿ ಆರು ತಿಂಗಳಾತ್ರಿ ಅಕ್ಕಾರ. ಆಮ್ಯಾಲೆ ಅದನ್ನ ತಗದು ನೋಡಾಕ ನನ್ನ ಕೈಲೆ ಆಗಲಿಲ್ಲ. ಗುಂಪಿನ್ಯಾಗಿನವ್ರಽ ಒಬ್ರು ನಾ ನಡಸ್ತೀನಿ ಅಂದ್ರು, ಕೊಟ್ಟಬಿಟ್ಟೆ. ಭಾಳ ಛಲೋ ಮಾತಾಡಿದ್ರು ಅವರು.”

“ನೋಡೀರೇನು ಅವರನ್ನ?”

“ಇಲ್ರಿ. ಮೆಸೇಜಿನ್ಯಾಗಽ ಎಲ್ಲಾ.”

ಫಿರ್ದೋಸ್ ಮಹಾನಂದಾಳ ಕಡೆ ತಿರುಗಿದಳು. “ಅಕ್ಕಾ, ಮನಿಗೆ ಹೋದಕೂಡ್ಲೇ ತಗದು ಒಗೀರಿ. ಆಮ್ಯಾಲೆ ಅಪ್ಪಾರ ಜೋಡಿ ಇನ್ನೊಮ್ಮೆ ಮಾತಾಡ್ರಿ. ಆಪರೇಶನ್ ಬಗ್ಗೆನೂ ಕೇಳ್ರಿ.”

ಆ ಕಡೆಯ ಮಾತು ಮಹಾನಂದಾಳಿಗೆ ಚುರುಕ್ಕೆಂದಿತು. “ನಮ್ಮಪ್ಪ ಏನ್ ಹೇಳಿದ ಅಂತ ನನಗ ಗೊತ್ತಿಲ್ಲೇನು?” ಎಂದು ಸಿಡುಕಿ ಎದ್ದು ಬಂದಳು.

*

ಗುಂಡಿ ಒಗೆಯುತ್ತೇನೆ ಎಂದದ್ದೇ ಕಾಶವ್ವ ಟ್ಯಾಬನ್ನು ಎದೆಗವಚಿಕೊಂಡಳು.

“ಆ ವಾರ್ತಾ ಓದಾಂವನ್ನ ಮತ್ತ ತರ್ತೀಯೇನು ಮನಿಗೆ? ನಾ ಇರೂತನಕಾ ಆಗೂದಿಲ್ಲ. ಆಪರೇಶನ್ನಿಗೆ ಹೋಗೂ ಮನಶಾ, ತಿರುಗಿ ಬರ್ತಾರೋ ಇಲ್ಲೋ, ಇರೂತನಕಾ ನನ್ನ ಜೋಡಿ ನನ್ನ ಮಾತಿನ್ಯಾಗಽ ಮಾತಾಡಲಿ.”

“ಯವ್ವಾ, ಅದು ಅಪ್ಪನ ಮಾತು ಹೌದೋ ಅಲ್ಲೋ ಅನ್ನೂದಽ ತಿಳೀವಲ್ದು...”

“ಹಂಗಿದ್ರ ಅವರನ್ನಽ ಕೇಳು!”

ಇಲ್ಲೇ ಮಹಾನಂದಾ ಎಡವಿದ್ದು. ಇಷ್ಟು ಓದಿದವಳು, ಹಗಲೆಲ್ಲ ಇದೇ ಯಂತ್ರಗಳ ನಡುವೆ ಕೂರುವವಳು, ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿದ್ದರೆ ಗುಂಡಿಯ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಮಾಡದೆ, ಗುಂಡಿ ಒತ್ತಿದ ಪುಟ ತೆರೆದೇ ಇರುವಾಗ, ಮಂಚದ ಬಳಿ ಮೊಣಕಾಲೂರಿ ಕೂತು ಕೇಳಿದಳು: “ಅಪ್ಪಾ, ಈ ಮನಿಮಾತಿನ ಗುಂಡಿ ತಗದು ಬಿಡ್ಲೇನು?” ಕಳ್ಳನನ್ನು ಮನೆಯಲ್ಲಿಟ್ಟುಕೊಳ್ಳೋಣವೇ ಎಂದು ಕಳ್ಳನನ್ನೇ ಕೇಳಿದ ಹಾಗೆ!

ಚನ್ನಮಲ್ಲಪ್ಪನ ಗಂಟಲ ಪಟ್ಟಿ ಅದುರಿತು. ಹಣೆಯ ಮೇಲೆ ಬೆವರು ಮೂಡಿತು.

“ಬ್ಯಾಡವಾ. ಇದು ಇದ್ರಽ ಛಲೋ. ಎಷ್ಟ್ ಕಾಳಜಿ ಮಾಡ್ತೀಯವಾ ನೀ,” ಎಂದಿತು ಪೆಟ್ಟಿಗೆ.

ಟಕ್.

“ಆಪರೇಶನ್? ಅಂಜಿಕಿ ಇಲ್ಲಲ್ಲಾ ನಿನಗ?”

“ಯಾಕ ಅಂಜಲಿ? ನೀನಽ ಇದ್ದೀಯಲ್ಲ. ಆಗ್ಲಿ.”

ಟಕ್. ಟಕ್ಕೆಂದ ಬೆರಳು ಸರಳಿನ ಮೇಲೇ ನಿಂತಿತು.

“ನೋಡಿದೇನು?” ಎಂದಳು ಕಾಶವ್ವ, ಗೆದ್ದವಳಂತೆ.

ನಿಜ ಹೇಳಬೇಕೆಂದರೆ ಮಹಾನಂದಾಳಿಗೂ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಗುಂಡಿ ಸುಳ್ಳಾದರೆ ಒಪ್ಪಿಗೆಯೂ ಸುಳ್ಳಾಗುತ್ತದೆ, ಒಪ್ಪಿಗೆ ಸುಳ್ಳಾದರೆ ಅಪ್ಪನ ದನಿ ಮುಂದಿನ ಬೇಸಿಗೆಗೆ ಇರುವುದಿಲ್ಲ. ಬೇಕಾದ ಉತ್ತರ ಸಿಕ್ಕ ಮೇಲೆ ಇನ್ನೊಮ್ಮೆ ಕೇಳುವ ಧೈರ್ಯ ಯಾರಿಗಿದೆ? ಆದರೂ ಆಪರೇಶನ್ನಿನ ದಿನದವರೆಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಪ್ಪ ನೋಡುವ ನೋಟ ತಪ್ಪಿಸಿಕೊಳ್ಳಲು ಇಲ್ಲದ ಕೆಲಸ ಹುಡುಕಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಮಾತಾಡುವ ಪೆಟ್ಟಿಗೆ ಇರುವಾಗ ಕಣ್ಣೊಳಗೆ ನೋಡುವ ಅಗತ್ಯವಾದರೂ ಏನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

*

ಆಸ್ಪತ್ರೆಯ ನಿಯಮದಂತೆ ಆಪರೇಶನ್ ಕೋಣೆಯ ಬಾಗಿಲಲ್ಲಿ ರೋಗಿ ಇನ್ನೊಮ್ಮೆ ಒಪ್ಪಿಗೆ ಹೇಳಬೇಕು. ಅದಕ್ಕೆಂದೇ ಸ್ಟ್ರೆಚರಿನ ತಲೆಗಡೆಗೆ ಟ್ಯಾಬನ್ನೂ ಪೆಟ್ಟಿಗೆಯನ್ನೂ ಕಟ್ಟಿದ್ದರು. ಕಾಶವ್ವನೇ ಬೆಳಿಗ್ಗೆ ದೇವರಿಗೆ ಕೈಮುಗಿದು ಗುಂಡಿ ಒತ್ತಿ ಕಳಿಸಿದ್ದಳು.

ಉದ್ದನೆಯ ಓಣಿಯಂಥ ಕಾರಿಡಾರ್. ಸ್ಟ್ರೆಚರ್ ತಳ್ಳುತ್ತಿದ್ದವನು ಯಮನೂರಪ್ಪ, ಐವತ್ತು ದಾಟಿದ ವಾರ್ಡಿನ ಆಳು, ಎಲೆಅಡಿಕೆ ಬಾಯಿ. ಡಾಕ್ಟರ್ ವಸುಂಧರಾ ಹಸಿರು ಗೌನಿನಲ್ಲಿ ಕಾಯುತ್ತಿದ್ದರು.

“ಚನ್ನಮಲ್ಲಪ್ಪನವರೇ, ಒಳಗೆ ಹೋಗೋಣವೇ?”

“ನಡೀರಿ ಡಾಕ್ಟರ್, ಲಗೂ ನಡೀರಿ. ನಿಮ್ಮ ಮ್ಯಾಲೆ ಪೂರ್ತಿ ನಂಬಿಗಿ ಐತಿ,” ಎಂದಿತು ಪೆಟ್ಟಿಗೆ.

ಡಾಕ್ಟರ್ ತಲೆಯಾಡಿಸಿದರು. ಸ್ಟ್ರೆಚರ್ ಮುಂದೆ ಸರಿಯಿತು. ಆಗ ಸ್ಟೀಲಿನ ಕಂಬಿಯ ಮೇಲೆ ಉಂಗುರ ಬಡಿಯಿತು. ಮನೆಯ ಮಂಚದ ಹಾಗಲ್ಲ, ಖಾಲಿ ಕಾರಿಡಾರಿನಲ್ಲಿ ಅದು ಗಂಟೆಯಂತೆ ಕೇಳಿಸಿತು.

ಟಣ್.

ಯಮನೂರಪ್ಪ ಗಕ್ಕನೆ ನಿಂತ.

“ಯಾಕೆ ನಿಲ್ಲಿಸಿದೆ?” ಎಂದರು ಡಾಕ್ಟರ್.

ಯಮನೂರಪ್ಪನಿಗೇ ಗಲಿಬಿಲಿ. “ಗೊತ್ತಿಲ್ರೀ ಮೇಡಂ,” ಎಂದು ಮತ್ತೆ ತಳ್ಳಿದ.

ಟಣ್.

ಅವನ ಕಾಲು ಮತ್ತೆ ನಿಂತುಬಿಟ್ಟವು. ಈಗ ಅವನು ಪೆಚ್ಚಾಗಿ ನಕ್ಕ. “ತಪ್ಪ ತಿಳೀಬ್ಯಾಡ್ರಿ. ಸಣ್ಣಾಂವಿದ್ದಾಗ ನಾ ಬಸ್ಸಿನ್ಯಾಗ ಕ್ಲೀನರ್ ಇದ್ದೆ. ಕಂಡಕ್ಟರ್ ಒಂದು ಹೊಡದ್ರ ನಿಲ್ಲಸಬೇಕು, ಎರಡು ಹೊಡದ್ರ ಬಿಡಬೇಕು. ಅಜ್ಜಾರು ಒಂದಽ ಹೊಡ್ಯಾಕತ್ತಾರ್ರಿ. ಕಾಲು ಹಳೇ ರೂಢಿಗೆ ನಿಂತಬಿಡ್ತಾವು.”

ಮಹಾನಂದಾ ಗೋಡೆ ಹಿಡಿದುಕೊಂಡಳು. ಒಂದು ಹೊಡೆದರೆ ನಿಲ್ಲು. ಎರಡು ಹೊಡೆದರೆ ಹೊರಡು. ಶಾಲೆಯ ರಜೆಯಲ್ಲಿ ಅಪ್ಪನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಗದಗಿನ ತನಕ ಹೋಗಿ ಬರುತ್ತಿದ್ದವಳು ಅವಳು. ಈ ಲೆಕ್ಕ ಅವಳಿಗೆ ಅಕ್ಷರ ಕಲಿಯುವ ಮೊದಲೇ ಬಾಯಿಪಾಠವಾಗಿತ್ತು. ಮೌನದ ದಿನಗಳಲ್ಲಿ ಟಕ್ ಎಂದರೆ ಕರೆ ಎಂದುಕೊಂಡರಲ್ಲ, ಮಾತು ಬಂದ ಮೇಲೂ ಅದನ್ನೇ ನಂಬಿಕೊಂಡು ಕೂತರು. ಹೊಗಳಿದಾಗ ಒಂದು ಟಕ್. ಗುಂಡಿ ಇರಲಿ ಎಂದಾಗ ಒಂದು ಟಕ್. ಒಪ್ಪಿಗೆ ಎಂದಾಗ ಒಂದು ಟಕ್. ನಿಲ್ಲಿಸಿರಿ, ನಿಲ್ಲಿಸಿರಿ, ಇದು ನನ್ನ ಮಾತಲ್ಲ ಎಂದು ಆ ಮನುಷ್ಯ ಬಡಿದು ಬಡಿದು ಹೇಳಿದ್ದ. ಬಾಯಿಬಿಟ್ಟು ದೂರು ಹೇಳಿದರೆ ಆ ದೂರೂ ಸಿಹಿಯಾಗಿ ಹೊರಬರುತ್ತಿತ್ತು. ಇನ್ನೇನು ತಾನೇ ಮಾಡಿಯಾನು?

“ತಡೀರಿ,” ಎಂದಳು. ದನಿ ಅವಳಿಗೇ ಗುರುತು ಸಿಗದಂತಿತ್ತು. ಓಡಿಹೋಗಿ ಟ್ಯಾಬನ್ನು ಕೈಗೆತ್ತಿಕೊಂಡು ಪುಟವನ್ನು ರಿಫ್ರೆಶ್ ಮಾಡಿದಳು. 'ಮನಿಮಾತು' ಒತ್ತಲಿಲ್ಲ. “ಅಪ್ಪಾ, ಈಗ ಹೇಳು.”

ಪಟ್ಟಿ ಅದುರಿತು. ಹೊರಬಂದದ್ದು ವಾರ್ತೆ ಓದುವವನ ಕನ್ನಡ, ಅಪ್ಪನ ದನಿಯಲ್ಲಿ.

“ನಿಲ್ಲಿಸಿ. ನನಗೆ ಈ ಶಸ್ತ್ರಚಿಕಿತ್ಸೆ ಬೇಡ. ಬೇಡ ಎಂದು ಪ್ರತಿದಿನ ಹೇಳಿದ್ದೇನೆ. ನನ್ನ ತಲೆಯನ್ನು ಯಾರೂ ಮುಟ್ಟಬಾರದು. ನಾನು ನನ್ನ ಮನೆಯಲ್ಲಿ ಸಾಯುತ್ತೇನೆ.” ಸ್ವಲ್ಪ ತಡೆದು ಪೆಟ್ಟಿಗೆ ಮತ್ತೆ ಹೇಳಿತು. “ಮಹಾನಂದಾ, ನೀನು ಬಹಳ ದಡ್ಡಿ.”

ಬೈಸಿಕೊಂಡು ಅಷ್ಟು ಸಂತೋಷಪಟ್ಟ ಮಗಳು ಆ ಆಸ್ಪತ್ರೆಯಲ್ಲಿ ಇನ್ನೊಬ್ಬಳಿರಲಿಲ್ಲ. ಅವಳು ಅಪ್ಪನ ಎದೆಯ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ದನಿ ಉಳಿಯುವುದಿಲ್ಲ ಎಂಬ ದುಃಖವೂ ಅದರಲ್ಲೇ ಬೆರೆತಿತ್ತು. ಡಾಕ್ಟರ್ ವಸುಂಧರಾ ಗೌನಿನ ಲಾಡಿ ಬಿಚ್ಚಿದರು. ಅವರ ಬಳಿ ರೆಕಾರ್ಡ್ ಮಾಡಿದ ಒಪ್ಪಿಗೆಯಿತ್ತು, ಸ್ಪಷ್ಟವಾದದ್ದು. ಇನ್ನು ಹತ್ತು ಹೆಜ್ಜೆ ನಡೆದಿದ್ದರೆ ಏನಾಗುತ್ತಿತ್ತೆಂದು ಅವರ ಮುಖದಲ್ಲೇ ಬರೆದಿತ್ತು.

ಟಣ್ ಟಣ್.

ಯಮನೂರಪ್ಪ ಯಾರನ್ನೂ ಕೇಳಲಿಲ್ಲ. “ರೈಟ್!” ಎಂದು ಸ್ಟ್ರೆಚರನ್ನು ತಿರುಗಿಸಿ ಹೊರಬಾಗಿಲ ಕಡೆ ಹೊರಟ.

*

ಗುಂಡಿಯ ಹೊಸ ಯಜಮಾನನಿಗೆ ಮಹಾನಂದಾ ಬರೆದಳು. ಬೈಯಬೇಕೆಂದೇ ಬರೆದಳು. ಉತ್ತರ ತಕ್ಷಣ ಬಂತು, ಅದೂ ಎಷ್ಟು ವಿನಯದ್ದು! ಹಾಸಿಗೆ ಹಿಡಿದವರ ಕಟುಮಾತಿನಿಂದ ಆರೈಕೆ ಮಾಡುವವರು ಸೋತುಹೋಗುತ್ತಾರೆ, ಆದ್ದರಿಂದ ಮನೆಯವರ ಮನಸ್ಸಿಗೆ ನೋವಾಗುವ ಮಾತುಗಳನ್ನು ಮೃದು ಮಾಡುತ್ತಿದ್ದೇವೆ, ಕೇಡಿನ ಉದ್ದೇಶ ಎಳ್ಳಷ್ಟೂ ಇಲ್ಲ, ಈ ಬದಲಾವಣೆಯನ್ನು ಗುಂಪಿನಲ್ಲಿ ಮೊದಲೇ ತಿಳಿಸಿ ಎಲ್ಲರ ಒಪ್ಪಿಗೆ ಪಡೆದಿದ್ದೇವೆ ಎಂದಿತ್ತು. ಹುಡುಕಿ ನೋಡಿದರೆ ಆ ಸಂದೇಶ ಇದ್ದದ್ದು ಹೌದು. ಕೆಳಗೆ ಹೆಬ್ಬೆರಳು ಎತ್ತಿದವರ ಸಾಲಿನಲ್ಲಿ ಅವಳ ಹೆಸರೂ ಇತ್ತು. ಬಸ್ಸಿಗೆ ಕಾಯುತ್ತ ನಿಂತಾಗ ಓದದೆಯೇ ಒತ್ತಿದ್ದಿರಬೇಕು. ಬೇಡ ಎಂಬ ಮಾತೇ ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತೆಂದು ಆ ಕಾಣದ ಯಂತ್ರ ಲೆಕ್ಕ ಹಾಕಿತ್ತು. ಲೆಕ್ಕವೇನೂ ತಪ್ಪಿರಲಿಲ್ಲ.

ಅವಳು ಆರೈಕೆ ಬಳಗಕ್ಕೆ ನಡೆದದ್ದನ್ನೆಲ್ಲ ಬರೆದು, ಗುಂಡಿ ತೆಗೆದುಹಾಕಿ ಎಂದು ಕೈಮುಗಿದು ಕೇಳಿಕೊಂಡಳು. ಫಿರ್ದೋಸ್ ಪುಟಕ್ಕೆ ಬೀಗ ಹಾಕಿಸಲು ಆಗಲೇ ಮೇಲಿನವರ ಬಾಗಿಲು ತಟ್ಟುತ್ತಿದ್ದಳು. ಅದಾಗುವ ತನಕ ಮನೆಯವರೇ ತೆಗೆಯಬೇಕು. ಕೆಲವರು ಗಾಬರಿಯಾದರು, ಕೆಲವರು ತೆಗೆದರು. ಬಹಳ ಮಂದಿ ಉತ್ತರಿಸಲಿಲ್ಲ. ನವಲಗುಂದದ ಹೆಂಗಸೊಬ್ಬಳು ಬರೆದಳು: “ನಮ್ಮನಿಯವ್ರು ಛಲೋ ಮಾತಾಡೂದಽ ಈಗ ಅಕ್ಕಾರ. ಮೊದಲಿಂದೂ ಬಡದಾಡಿ ಸಾಕಾಗೇತಿ. ನಮಗ ಇದಽ ಇರಲಿ ಬಿಡ್ರಿ.” ಮಹಾನಂದಾ ಆ ಸಾಲುಗಳನ್ನು ಎಷ್ಟೋ ಹೊತ್ತು ನೋಡುತ್ತ ಕೂತಳು. ಆ ಮನೆಯ ಗಂಡಸಿಗೆ ಬಡಿಯಲು ಒಂದು ಉಂಗುರವಾದರೂ ಇದೆಯೋ ಇಲ್ಲವೋ. ಅದನ್ನು ನೆನೆದರೆ ಅವಳಿಗೆ ಈಗಲೂ ನಿದ್ದೆ ಹತ್ತುವುದಿಲ್ಲ.

ಕಾಶವ್ವ ಎರಡು ದಿನ ಪೆಟ್ಟಿಗೆಯ ಕಡೆ ಮುಖವನ್ನೇ ಹಾಕಲಿಲ್ಲ. ಗುಂಡಿ ಹೋದದ್ದಕ್ಕಲ್ಲ. ಇಷ್ಟು ದಿನ ತನ್ನನ್ನು ಕಾಶೀ ಎಂದು ಕರೆದು ಹೊಗಳಿದವರು ಯಾರು ಎಂಬುದಕ್ಕೆ. ಪರಗಂಡಸಿನ ಮಾತಿಗೆ ತಾನು ನಾಚಿ ಅತ್ತೆನಲ್ಲ ಎಂದು ಒಬ್ಬಳೇ ಒಲೆಯ ಮುಂದೆ ಗೊಣಗಿಕೊಂಡಳು. ಮೂರನೆಯ ದಿನ ನುಚ್ಚು ಮಾಡಿ, ಮಜ್ಜಿಗೆ ಕಲಸಿ, ಮಂಚದ ಬಳಿ ಬಂದು ಕೂತು ಗಂಡನ ಬಾಯಿಗೆ ಒಂದು ಚಮಚ ಇಟ್ಟಳು. ಮಹಾನಂದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಹೆಂಗಾಗೇತ್ರಿ?” ಎಂದಳು ಕಾಶವ್ವ, ಬೇರೆಲ್ಲೋ ನೋಡುತ್ತ.

ನುಂಗಲು ಬಹಳ ಹೊತ್ತು ಹಿಡಿಯಿತು. ಪಟ್ಟಿ ಅದುರಿತು. ಈಗೀಗ ಅದುರುವುದೂ ಕಡಿಮೆಯಾಗಿತ್ತು.

“ಉಪ್ಪು ಕಡಿಮೆಯಾಗಿದೆ,” ಎಂದಿತು ಪೆಟ್ಟಿಗೆ, ವಾರ್ತೆ ಓದಿದ ಹಾಗೆ.

ಕಾಶವ್ವ ಗಂಡನ ಬೆರಳಿನ ಕಡೆ ನೋಡಿದಳು. ಬೆರಳು ಸರಳಿನ ಮೇಲೆ ಸುಮ್ಮನೆ ಮಲಗಿತ್ತು, ಬಡಿಯಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು, “ಅವರಽ ಬೇ, ಇವರು ಅವರಽ,” ಎಂದು ಮಗಳಿಗೆ ಹೇಳಿ, ಉಪ್ಪು ತರಲು ಎದ್ದಳು.